ಚಪ್ಪಡಿಯಲ್ಲಿ ಅಡ್ಡಬಿದ್ದವನ ಮುಖ

ದೆವ್ವ, ಕಾರಣಿಕ ಅಂತ ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುವವನು. ಸಾಗರದಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದ ನನಗೆ, ಕಣ್ಣಿಗೆ ಕಂಡದ್ದಷ್ಟೇ ಸತ್ಯ ಅನ್ನುವ ಜಂಬವಿತ್ತು. ಈಗ ಹೇಳಹೊರಟಿರುವುದೂ ಕಣ್ಣಿಗೆ ಕಂಡದ್ದೇ. ತೊಂದರೆ ಇರುವುದೇ ಅಲ್ಲಿ.

ಹೊಸನಗರದ ಹತ್ತಿರ ಒಂದು ಹಳೇ ದೇವಸ್ಥಾನ. ಬಾಗಿಲ ಮುಂದಿನ ಚಪ್ಪಡಿಯಲ್ಲಿ ಒಬ್ಬ ಮನುಷ್ಯ ಸಾಷ್ಟಾಂಗ ಬಿದ್ದಂತೆ ಕೆತ್ತಿದ್ದಾರೆ. ಇಕ್ಕೇರಿಗೆ ಹೋದವರು ಇಂಥವನ್ನು ನೋಡಿರುತ್ತೀರಿ. ಭಕ್ತರ ಪಾದಧೂಳಿ ತಾಗಲಿ ಅಂತ ದೊಡ್ಡವರೇ ಹೀಗೆ ಕೆತ್ತಿಸಿಕೊಳ್ಳುತ್ತಿದ್ದರು. ಇಲ್ಲಿನದು ತುಳಿದು ತುಳಿದು ಸವೆದು, ಮುಖವೋ ನೆತ್ತಿಯೋ ಗೊತ್ತಾಗುತ್ತಿರಲಿಲ್ಲ. ಅದೇ ಊರಿನ ಗೌರಮ್ಮ ಅನ್ನುವವರ ಮನೆಯವರು ಮಾತ್ರ ಅದನ್ನು ತುಳಿಯುವುದಿಲ್ಲ, ಬಳಸಿಕೊಂಡು ಒಳಗೆ ಹೋಗುತ್ತಾರೆ. ಹಿಂದೆ ಗೇಣಿ ಮಾಡುತ್ತಿದ್ದ ಮನೆತನ. ಕಲ್ಲಿನಲ್ಲಿರುವವನು ತಮ್ಮ ಹಿರಿಯ, ಒಡೆಯರು ಅಡ್ಡಬೀಳು ಅಂದಾಗ ಬಿದ್ದ, ಆದರೆ ತಲೆ ತಗ್ಗಿಸಲಿಲ್ಲ, ಅದಕ್ಕೇ ಕೊಂದರು ಅನ್ನುವುದು ಅವರ ಮನೆಯ ಮಾತು.

ಜೀರ್ಣೋದ್ಧಾರಕ್ಕೆ ಕೈಹಾಕಿದ ಸಮಿತಿ ಅದರ ಮೇಲೆ ಗ್ರಾನೈಟ್ ಹಾಸಲು ಹೊರಟಿತು. ಗೌರಮ್ಮ ಅಡ್ಡ ನಿಂತರು. ಸಮಿತಿಯ ಅಧ್ಯಕ್ಷರು ನನ್ನ ಹೆಂಡತಿಯ ಅಣ್ಣ. "ಮೇಷ್ಟ್ರು ಕಾಗದದ ಮೇಲೆ ಅದರ ಅಚ್ಚು ತೆಗೀಲಿ. ಅವ್ನು ತಲೆ ಎತ್ತಿರೋದು ಕಂಡ್ರೆ ಕಲ್ಲು ಬಿಡ್ತೀವಿ, ಇಲ್ದಿದ್ರೆ ಮುಚ್ತೀವಿ" ಅಂದರು. ಗೌರಮ್ಮನೂ ಒಪ್ಪಿದರು.

ಮಧ್ಯಾಹ್ನದ ಸುಡು ಬಿಸಿಲು. ಎಲ್ಲರೂ ಊಟಕ್ಕೆ ಹೋಗಿದ್ದರು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಕೂರಿಸಿ, ಅರ್ಧ ಒಣಗಿದ ಮೇಲೆ ಮಸಿ ಒತ್ತಿದೆ. ಕಾಗದ ಎತ್ತಿ ನೋಡಿದರೆ, ಎತ್ತಿದ ಮುಖ. ಹಣೆ, ಮೀಸೆ, ತೆರೆದ ಎರಡು ಕಣ್ಣು, ನಿನ್ನೆ ಕೆತ್ತಿದಷ್ಟು ಸ್ಪಷ್ಟ. ಕಲ್ಲಿನ ಮೇಲೆ ಬೆರಳಾಡಿಸಿದೆ. ಮೂಗಿಲ್ಲ, ಕಣ್ಣಿಲ್ಲ; ಸವೆದ ಜುಟ್ಟಿನ ಗಂಟೊಂದು ಬೆರಳಿಗೆ ಸಿಕ್ಕಿತು. ಅದೇ ಕಲ್ಲಿಗೆ ಇನ್ನೊಂದು ಕಾಗದ ಹಾಕಿದೆ. ಈ ಸಲ ಬಂದದ್ದು ಜುಟ್ಟು, ನೆಲಕ್ಕೆ ಮುಖ ಒತ್ತಿ ಬಿದ್ದವನ ಹಿಂದಲೆ.

ಮೊದಲನೆಯದನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡೆ. ತಲೆ ಕೆಟ್ಟಿದೆ ಅಂದಾರು ಅನ್ನುವ ಹೆದರಿಕೆ ಇತ್ತು ಅಂತ ಹೇಳಬಹುದು. ಭಾವನ ಎದುರು ಬಾಯಿ ಬಿಡುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ ಅನ್ನುವುದೇ ನಿಜ.

ಎರಡನೆಯದನ್ನು ಎಲ್ಲರೆದುರು ಹರವಿದೆ. ಗೌರಮ್ಮ ತುಂಬ ಹೊತ್ತು ನೋಡಿದರು.

"ಒಂದೇ ಅಚ್ಚು ತೆಗ್ದಿದ್ದಾ ಮೇಷ್ಟ್ರೆ?"

"ಹೂಂ, ಒಂದೇ" ಅಂದೆ.

"ಹಂಗಾರೆ ನಮ್ಮಜ್ಜಿ ಹೇಳಿದ್ದು ಸುಳ್ಳು" ಅಂದವರು, ಚಪ್ಪಡಿ ಬಳಸದೆ, ನೇರ ಅವನ ತಲೆಯ ಮೇಲೇ ಕಾಲಿಟ್ಟು ಒಳಗೆ ಹೋದರು.

ಈಗ ಅಲ್ಲಿ ಗ್ರಾನೈಟ್ ಇದೆ. ಆ ಮೊದಲ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಕಾಗದ ಅಲುಗಿತೇ, ಮಸಿ ಹರಡಿತೇ ಅಂತ ಭೂತಗನ್ನಡಿ ಹಿಡಿದು ಎಷ್ಟೋ ಸಲ ನೋಡಿದ್ದೇನೆ. ಮಸಿ ಹರಡಿದರೆ ಕಣ್ಣಿಗೆ ರೆಪ್ಪೆ ಮೂಡುವುದಿಲ್ಲ. ನನಗಂತೂ ಅರ್ಥವಾಗಿಲ್ಲ. ಅದನ್ನು ಕಂಕುಳಲ್ಲಿಟ್ಟುಕೊಂಡು ಗೌರಮ್ಮನ ಅಂಗಳದವರೆಗೆ ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಅವರು ಬಾಗಿಲಿಗೆ ಬಂದು ಮಾತಾಡಿಸಿದರು. ನಾನು ಮಳೆ ಬೆಳೆ ವಿಚಾರಿಸಿ, ತಲೆ ತಗ್ಗಿಸಿಕೊಂಡು ವಾಪಸ್ ಬಂದೆ.