ಗೂಳಿಯೊಂದಿಗೆ ಭದ್ರಾವತಿಗೆ

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇದನ್ನು ಪ್ರವಾಸವೆಂದು ಕರೆದರೆ ನನ್ನ ಹೆಂಡತಿ ನಗುತ್ತಾಳೆ. ಕಾರ್ಖಾನೆಯ ಕೆಲಸಕ್ಕೆಂದು ಇಪ್ಪತ್ತೈದು ವರ್ಷ ಅದೇ ದಾರಿಯಲ್ಲಿ ಹೋಗಿಬಂದವನು ನಾನು. ಅದರಲ್ಲಿ ಹೆಚ್ಚಿನ ಪಾಲು ನಿದ್ದೆಯಲ್ಲೇ ಕಳೆಯಿತು. ಆದರೆ ಗೋಣಿಚೀಲ ಸುತ್ತಿದ ರೋಬೋಟ್ ಒಂದನ್ನು ತೊಡೆಗೆ ಒರಗಿಸಿಕೊಂಡು ಮೂವರು ಡಿಪ್ಲೊಮಾ ವಿದ್ಯಾರ್ಥಿಗಳ ಪಾಲಕನಾಗಿ ಹೋದದ್ದು ಇದೇ ಮೊದಲು. ಆದ್ದರಿಂದ ಇದು ಪ್ರವಾಸವೇ.

ಆ ಪಟ್ಟ ನನಗೆ ಬಂದ ಬಗೆ ಹೀಗೆ. ರವೀಂದ್ರನಗರದಲ್ಲಿ ನನ್ನ ಸ್ಕೂಟರಿನ ಆಯುಷ್ಯವನ್ನು ಆಗಾಗ ವಿಸ್ತರಿಸುವ ಗ್ಯಾರೇಜು ಖಾದರ್ ಸಾಹೇಬರದು. ಅವರ ಮಗಳು ಆಫ್ರೀನ್ ಮತ್ತು ಅವಳ ಸಹಪಾಠಿಗಳಾದ ಸುಮಂತ್, ದಿವ್ಯಾ ಸೇರಿ ಸ್ಪರ್ಧೆಗೆಂದು ಒಂದು ರೋಬೋಟ್ ಕಟ್ಟಿದ್ದರು. ಎದುರಾಳಿಯನ್ನು ಗುದ್ದಿ ವೃತ್ತದಿಂದ ಹೊರದಬ್ಬುವುದು ಅದರ ಧರ್ಮವಾದ್ದರಿಂದ ಅದಕ್ಕೆ ಗೂಳಿ ಎಂದು ಹೆಸರು. ಎರಡು ಚಕ್ರಗಳನ್ನು ತಿರುಗಿಸಲು ಗ್ಯಾರೇಜಿನ ಹಳೆಯ ಕಾರುಗಳಿಂದ ಬಿಚ್ಚಿದ ಎರಡು ವೈಪರ್ ಮೋಟಾರುಗಳು; ಅವುಗಳಿಗೆ ಅಪ್ಪಣೆ ಕೊಡಲು ಅಂಗೈಯಗಲದ ಒಂದು ಕಂಟ್ರೋಲರ್. ಜೊತೆಗೆ ಹೋಗಬೇಕಿದ್ದ ಉಪನ್ಯಾಸಕರು ಪರೀಕ್ಷೆಯ ಕೆಲಸಕ್ಕೆ ಹೋದರು. ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು ಎಂಬ ಅರ್ಹತೆಯ ಮೇಲೆ ನನ್ನನ್ನು ಕರೆದರು.

ಪಣಕ್ಕಿದ್ದದ್ದು ಬಹುಮಾನದ ಕಪ್ ಅಲ್ಲ, ಒಂದು ಕೋಣೆ. ಕಾಲೇಜಿನ ಮೂಲೆಯಲ್ಲಿ ಈ ಮಕ್ಕಳು ರೋಬೋಟ್ ಕಟ್ಟುವ ಕೋಣೆಯೊಂದಿದೆ. ಹಿಂದಿನ ಎರಡು ಸಲ ಇವರ ಯಂತ್ರ ಪ್ರವೇಶ ಪರಿಶೀಲನೆಯಲ್ಲೇ ಬಿದ್ದು, ಕಣಕ್ಕೆ ಇಳಿಯದೆ ಮನೆಗೆ ಬಂದಿತ್ತು. ಈ ಸಲವೂ ಹಾಗಾದರೆ ಆ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿಸುವುದಾಗಿ ಪ್ರಾಂಶುಪಾಲರು ಘೋಷಿಸಿದ್ದರು. ಆಫ್ರೀನಳಿಗೆ ಆ ಕೋಣೆ ಎಷ್ಟು ಮುಖ್ಯವೆಂದರೆ, ಹಿಂದಿನ ಸಂಜೆ ಗ್ಯಾರೇಜಿನಲ್ಲಿ ಓಡಿಸಿ ನೋಡಿದಾಗ ಗೂಳಿ ಮುಂದೆ ಹೋಗುವ ಬದಲು ನಿಂತಲ್ಲೇ ಬುಗುರಿಯಂತೆ ಸುತ್ತಿದ್ದನ್ನು ಕಂಡು ಅವಳು ಒಂದು ಮಾತೂ ಆಡಲಿಲ್ಲ. ಮೋಟಾರುಗಳ ತಂತಿ ಜೋಡಿಸಿದವಳು ಅವಳೇ. ಉಳಿದ ನಾವೂ ಆಡಲಿಲ್ಲ. ಬ್ಯಾಟರಿ ಸೋತಿದೆ, ಚಾರ್ಜಿಗೆ ಇಡೋಣ ಎಂದು ಮಾತು ಮರೆಸಿ ಮನೆಗೆ ಹೋದೆವು.

ಬೆಳಿಗ್ಗೆ ಸರ್ಕಾರಿ ಬಸ್ಸು ಹತ್ತಿದೆವು. ಬಿಸಿಲು ಇನ್ನೂ ಏರಿರಲಿಲ್ಲ. ಹೆಣ್ಣುಮಕ್ಕಳಿಬ್ಬರೂ ಆಧಾರ್ ತೋರಿಸಿ ಉಚಿತ ಚೀಟಿ ಪಡೆದರು. ಕಂಡಕ್ಟರ್ ಗೋಣಿಚೀಲವನ್ನು ಬೆರಳಿನಿಂದ ತಿವಿದು, ಇದೇನೆಂದು ಕೇಳಿದ. ರೋಬೋಟ್ ಎಂದ ಸುಮಂತ್.

“ಗಂಡಸಾದ್ರೆ ಟಿಕೆಟ್ ತಗೊಳ್ಳಿ, ಹೆಂಗಸಾದ್ರೆ ಆಧಾರ್ ತೋರ್ಸಿ.”

ಹೆಸರು ಗೂಳಿ ಎಂದು ದಿವ್ಯಾ ಬಾಯಿತಪ್ಪಿ ಹೇಳಿದ್ದರಿಂದ ಟಿಕೆಟ್ ತೆಗೆಸಬೇಕಾಯಿತು.

ಭದ್ರಾವತಿ ಹತ್ತಿರವಾದಂತೆ ನನ್ನ ಕಣ್ಣು ತಾನಾಗಿ ಚಿಮಣಿಗಳನ್ನು ಹುಡುಕಿತು. ಅವು ಇದ್ದವು, ಹೊಗೆ ಇರಲಿಲ್ಲ. ಒಂದು ಕಾಲಕ್ಕೆ ಈ ಊರಿಗೆ ಗಡಿಯಾರ ಬೇಕಿರಲಿಲ್ಲ. ಪಾಳಿಯ ಸೈರನ್ನಿಗೆ ಒಲೆಯಿಂದ ಅನ್ನ ಇಳಿಯುತ್ತಿತ್ತು, ಮಕ್ಕಳು ಶಾಲೆಗೆ ಹೊರಡುತ್ತಿದ್ದರು, ಜಗಳಗಳೂ ಅರ್ಧಕ್ಕೆ ನಿಲ್ಲುತ್ತಿದ್ದವು. ಈಗ ಕ್ವಾರ್ಟರ್ಸಿನ ಸಾಲುಗಳಲ್ಲಿ ಅರ್ಧಕ್ಕರ್ಧ ಬಾಗಿಲುಗಳಿಗೆ ಬೀಗ. ಇದನ್ನೆಲ್ಲ ಮಕ್ಕಳಿಗೆ ವಿವರಿಸಲು ಬಾಯಿ ತೆರೆದೆ. ಮೂವರೂ ಫೋನಿನಲ್ಲಿ ಎದುರಾಳಿಗಳ ವಿಡಿಯೊ ನೋಡುತ್ತಿದ್ದರು. ಇತಿಹಾಸವನ್ನು ಹಾಗೇ ನುಂಗಿಕೊಂಡೆ.

ನಿಲ್ದಾಣದಲ್ಲಿ ಆರ್ಮುಗಂ ಕಾಯುತ್ತಿದ್ದ. ವಿಭಾಗದಲ್ಲಿ ನನ್ನ ಜೋಡಿಯಾಗಿದ್ದವನು; ಮನೆಮಾತು ತಮಿಳು, ಬೈಗುಳಕ್ಕೆ ಮಾತ್ರ ತೆಲುಗು. ನೋಡಿ ಆರು ವರ್ಷವಾಗಿತ್ತು. ಅವನು ನನ್ನ ಹೊಟ್ಟೆಯನ್ನೂ ನಾನು ಅವನ ಬೋಳುತಲೆಯನ್ನೂ ನೋಡಿಕೊಂಡೆವು.  ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಚಟ್ನಿಗೆ ಖಾರ ಹೆಚ್ಚು, ಹಿಂದಿನಂತೆಯೇ.

ಎಲ್ಲರೂ ಕೈತೊಳೆಯಲು ಹೋದಾಗ ನಾನು ಒಂದು ಗುಪ್ತ ಉಪಕಾರ ಮಾಡಿದೆ. ಬುಗುರಿಯಾಟದ ಕಾರಣ ನನಗೆ ಹಿಂದಿನ ಸಂಜೆಯೇ ಹೊಳೆದಿತ್ತು. ಎಡ ಮತ್ತು ಬಲದ ಮೋಟಾರುಗಳು ಒಂದಕ್ಕೊಂದು ಬೆನ್ನು ಮಾಡಿ ಕೂತಿರುತ್ತವೆ. ಎರಡಕ್ಕೂ ಒಂದೇ ರೀತಿ ತಂತಿ ಕೊಟ್ಟರೆ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗುತ್ತದೆ. ಒಂದರ ಕೆಂಪು ಕಪ್ಪು ತಂತಿಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಎಡ ಮೋಟಾರಿನ ತಂತಿ ಸಾಲದೆ ನಡುವೆ ಒಂದು ಜೋಡು ಹಾಕಿದ್ದರು. ಅದನ್ನೇ ಬಿಚ್ಚಿ, ತಿರುವಿ ಕಟ್ಟಿ, ಟೇಪು ಸುತ್ತಿದೆ. ಹುಡುಗಿಯ ಮನಸ್ಸು ನೋಯಬಾರದೆಂದು ಯಾರಿಗೂ ಹೇಳಲಿಲ್ಲ. ಪುಣ್ಯಕಾರ್ಯದ ತೃಪ್ತಿಯಲ್ಲಿ ಇನ್ನೊಂದು ಕಾಫಿ ಕುಡಿದೆ.

ಸ್ಪರ್ಧೆ ಒಂದು ಕಾಲೇಜಿನ ಸಭಾಂಗಣದಲ್ಲಿತ್ತು. ಪರಿಶೀಲನೆ ಸರಳ: ನೆಲಕ್ಕೆ ಅಂಟಿಸಿದ ಎರಡು ಪಟ್ಟಿಗಳ ನಡುವೆ ಯಂತ್ರ ನೇರವಾಗಿ ಹೋಗಬೇಕು. ಆಫ್ರೀನ್ ರಿಮೋಟ್ ಒತ್ತಿದಳು. ಗೂಳಿ ಸಮಸ್ತ ಸಭೆಯೆದುರು ಆತ್ಮಪ್ರದಕ್ಷಿಣೆ ಬರುವ ಭಕ್ತನಂತೆ ನಿಂತಲ್ಲೇ ಸುತ್ತಿತು. ಪರಿಶೀಲಕ ಒಳ್ಳೆಯ ಹುಡುಗ. ಊಟದ ಹೊತ್ತಿನೊಳಗೆ ಇನ್ನೊಮ್ಮೆ ತನ್ನಿ, ಅದೇ ಕೊನೆ ಎಂದ.

ಅಂಗಳದ ಬೇವಿನ ಮರದಡಿ ಕೂತೆವು. ಸುಮಂತನ ಮುಖದಲ್ಲಿ ಆಘಾತ, ದಿವ್ಯಾಳ ಮುಖದಲ್ಲಿ ಅಪನಂಬಿಕೆ. ನನ್ನ ಮುಖದಲ್ಲಿ ಏನಿತ್ತೋ. ಆಫ್ರೀನ್ ಕಂಟ್ರೋಲರನ್ನೇ ದಿಟ್ಟಿಸುತ್ತ, ಸುಟ್ಟುಹೋಗಿರಬೇಕು, ಬೇರೆಯದು ಇಲ್ಲಿ ಸಿಗುವುದಿಲ್ಲ ಎಂದಳು. ಆಗ ಆರ್ಮುಗಂ ಪಂಚೆ ಮೇಲೆತ್ತಿ ನೆಲಕ್ಕೆ ಕುಕ್ಕರಿಸಿದ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಯಂತ್ರ ಕೆಟ್ಟರೆ ಮೊದಲು ಯಾರೂ ಏನೂ ರಿಪೇರಿ ಮಾಡುವಂತಿಲ್ಲ. ಒಬ್ಬ ಒಂದು ತುದಿಯಿಂದ ಒಂದೊಂದೇ ಜೋಡಿನ ಮೇಲೆ ಬೆರಳಿಟ್ಟು “ಯಾರ ಕೈ?” ಎಂದು ಕೂಗುತ್ತಿದ್ದ. ಅದನ್ನು ಕೊನೆಗೆ ಮುಟ್ಟಿದವನು ಎಲ್ಲಿದ್ದರೂ “ನನ್ನ ಕೈ” ಎಂದು ಕೂಗಿ, ಏನು ಮಾಡಿದ್ದೆನೆಂದು ಹೇಳಬೇಕು. ಕೂಗಿದವನನ್ನು ಬೈಯುವಂತಿಲ್ಲ, ಕೂಗದವನನ್ನು ಬಿಡುವಂತಿಲ್ಲ. ಕನ್ನಡ, ತಮಿಳು, ತೆಲುಗು ಎಂಬ ಮೂರು ಮನೆಮಾತಿನವರಿಗೂ ಆ ಎರಡು ಮಾತು ಕನ್ನಡದಲ್ಲೇ ಬರುತ್ತಿತ್ತು. ವಿಭಾಗ ಮುಚ್ಚಿದ ದಿನ ಕೊನೆಯ ಸ್ವಿಚ್ ಫಲಕವನ್ನು ಕಳಚುವಾಗಲೂ ನಾವಿಬ್ಬರು ಪ್ರತಿ ತಂತಿಗೂ ಕೂಗಿಕೊಂಡಿದ್ದೆವು. ಕೇಳಲು ಬೇರೆ ಯಾರೂ ಇರಲಿಲ್ಲ.

ಆರ್ಮುಗಂ ಮಕ್ಕಳಿಗೆ ನಿಯಮ ಹೇಳಿ, ಎಡ ಮೋಟಾರಿನ ಬುಡಕ್ಕೆ ಬೆರಳಿಟ್ಟ. “ಯಾರ ಕೈ?”

ಆಫ್ರೀನ್ ತಲೆಯೆತ್ತಲಿಲ್ಲ. “ನನ್ನ ಕೈ. ನಿನ್ನೆ ನೀವೆಲ್ಲ ಹೋದ್ಮೇಲೆ ಗೊತ್ತಾಯ್ತು, ತಪ್ಪು ನಂದೇ ಅಂತ. ಆಗ್ಲೇ ತಂತಿ ತಿರುಗಿಸ್ದೆ. ಬ್ಯಾಟರಿ ಚಾರ್ಜಿಗಿತ್ತು, ಓಡ್ಸಿ ನೋಡ್ಲಿಲ್ಲ.”

ಬೆರಳು ಕಂಟ್ರೋಲರಿನ ಸ್ಕ್ರೂಗಳ ಮೇಲೆ ಹೋಯಿತು. ಸುಮಂತ್ ಕೆಮ್ಮಿದ. “ನನ್ನ ಕೈ. ಬೆಳಿಗ್ಗೆ ಬಸ್ಸಿಗೆ ಮುಂಚೆ ತಿರುಗಿಸಿದ್ದೆ. ಹೇಳಿದ್ರೆ ನೀನು ಬೇಜಾರ್ ಮಾಡ್ಕೊತೀಯ ಅಂತ…”

ದಿವ್ಯಾ ಬೆರಳಿಗೆ ಕಾಯಲಿಲ್ಲ. ಪ್ರೋಗ್ರಾಮಿನಲ್ಲಿ ಎಡಚಕ್ರದ ದಿಕ್ಕನ್ನು ತಾನು ರಾತ್ರಿಯೇ ಉಲ್ಟಾ ಮಾಡಿ, ಬೆಳಿಗ್ಗೆ ಕಂಟ್ರೋಲರಿಗೆ ತುಂಬಿಸಿದ್ದಾಗಿ ಒಪ್ಪಿಕೊಂಡಳು.

ಒಮ್ಮೆ ತಿರುವಿದರೆ ಸರಿ, ಎರಡನೆಯದಕ್ಕೆ ತಪ್ಪು, ಮೂರನೆಯದಕ್ಕೆ ಮತ್ತೆ ಸರಿ. ಹಾಗಾದರೆ ಸರಿ ಇರಬೇಕಿತ್ತಲ್ಲ ಎಂದು ಸುಮಂತ್ ಲೆಕ್ಕ ಹಾಕುತ್ತಿದ್ದಾಗ ಆರ್ಮುಗಂನ ಬೆರಳು ನಡುವಿನ ಜೋಡಿನ ಮೇಲೆ ಬಂದು ನಿಂತಿತು. ನಾನು ಬೇವಿನ ಮರದ ವಯಸ್ಸನ್ನು ಅಂದಾಜು ಮಾಡುತ್ತಿದ್ದೆ. ಟೇಪಿನ ತುದಿಯನ್ನು ಚಿಕ್ಕ ಬಾಲದಂತೆ ಮಡಚಿ ಬಿಡುವುದು ನನ್ನ ಅಭ್ಯಾಸ. ಮುಂದೆ ಬಿಚ್ಚುವವನಿಗೆ ಉಗುರು ಸವೆಯಬಾರದೆಂದು. ಆರ್ಮುಗಂ ಆ ಬಾಲವನ್ನು ಎರಡು ಬೆರಳಿನಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

“ರುದ್ರಪ್ಪಾ, ಕೂಗ್ತೀಯೋ, ನಾನೇ ಹೇಳ್ಲೋ?”

“ನನ್ನ ಕೈ” ಎಂದೆ. ಅಷ್ಟು ವರ್ಷಗಳ ಮೇಲೆ ಆ ಮಾತು ಬಾಯಿಂದ ಹೊರಟದ್ದಕ್ಕೋ ಏನೋ, ಹೋಟೆಲಿನಲ್ಲಿ ತಂತಿ ತಿರುವಿದ್ದನ್ನೂ ತಡವರಿಸದೆ ಹೇಳಿಬಿಟ್ಟೆ. ಆಫ್ರೀನ್ ನಮ್ಮ ನಾಲ್ವರನ್ನೂ, ತನ್ನನ್ನೂ ಸೇರಿಸಿ, ನೋಡಿಕೊಂಡಳು. ನಗು ಮೊದಲು ಅವಳಿಗೇ ಬಂತು.

“ಅಲ್ಲ ಅಂಕಲ್, ನಾನೇನು ಅತ್ತುಬಿಡ್ತಿದ್ನಾ? ಒಬ್ರಾದ್ರೂ ಬೈಬಾರ್ದಿತ್ತಾ?”

ಎಲ್ಲವನ್ನೂ ಮೊದಲಿದ್ದಂತೆ ಮಾಡಿ, ಮೋಟಾರಿನ ಬುಡದಲ್ಲಿ ಮಾತ್ರ ಅವಳೇ ತಿರುವಿದಳು. ಪ್ರತಿ ಸ್ಕ್ರೂಗೂ ಅವಳು ಕೂಗಿದಳು, ಉಳಿದಿಬ್ಬರು ಓಗೊಟ್ಟರು. ಪಕ್ಕದ ತಂಡದವರು ಇದನ್ನು ಮಂತ್ರವೆಂದು ತಿಳಿದರು. ಎರಡನೆಯ ಪರಿಶೀಲನೆಯಲ್ಲಿ ಗೂಳಿ ಪಟ್ಟಿಗಳ ನಡುವೆ ಮದುವಣಿಗನಂತೆ ನೆಟ್ಟಗೆ ನಡೆಯಿತು. ಕಣದಲ್ಲಿ ಸುಮಂತ್ ರಿಮೋಟ್ ಹಿಡಿದ; ದಾವಣಗೆರೆಯ ಒಂದು ಯಂತ್ರ ಅದನ್ನು ಅಷ್ಟೇ ನೆಟ್ಟಗೆ ಹೊರಕ್ಕೆ ದಬ್ಬಿತು. ದಿವ್ಯಾ ಪ್ರಾಂಶುಪಾಲರಿಗೆ ಫೋನು ಮಾಡಿ ಸೋತೆವೆಂದಳು. ಕಣಕ್ಕೆ ಬಿಟ್ಟರಾ ಎಂದು ಅವರು ಕೇಳಿದರಂತೆ. ಬಿಟ್ಟರು ಎಂದಾಗ, ಕುರ್ಚಿಗಳಿಗೆ ಬೇರೆ ಜಾಗ ನೋಡುವುದಾಗಿ ಹೇಳಿದರಂತೆ. ಆಫ್ರೀನ್ ಖುಷಿಯಲ್ಲಿ ಗೋಣಿಚೀಲವನ್ನು ಎರಡು ಸಲ ಸುತ್ತಿ, ಎರಡು ಸಲ ಬಿಚ್ಚಿದಳು.

ಸಂಜೆಯ ಬಸ್ಸಿಗೆ ಆರ್ಮುಗಂ ಬೀಳ್ಕೊಡಲು ಬಂದ.  ಬಸ್ಸು ಭದ್ರಾ ಸೇತುವೆಯ ಮೇಲೆ ಬಂದಾಗ ಹಿಂದಕ್ಕೆ ತಿರುಗಿ ನೋಡಿದೆ. ಚಿಮಣಿಗಳ ತುದಿಗೆ ಮಾತ್ರ ಬಿಸಿಲಿತ್ತು. ಹಿಂದಿನ ಸೀಟಿನಲ್ಲಿ ಮೂವರ ಜಗಳ ಏರಿತ್ತು. ಗೂಳಿಯನ್ನು ಅಂಚಿಗೆ ಒಯ್ದವನು ನೀನೇ ಎಂದು ಆಫ್ರೀನ್ ಸುಮಂತನಿಗೆ ಬೈಯುತ್ತಿದ್ದಳು. ಪ್ರೋಗ್ರಾಮಿನಲ್ಲಿ ನೀನು ಬ್ರೇಕೇ ಬರೆದಿಲ್ಲ ಮಾರಾಯ್ತಿ ಎಂದು ಅವನು ದಿವ್ಯಾಳಿಗೆ. ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿ, ನಿಮ್ಮ ಮಕ್ಕಳಿಗೆ ಸ್ವಲ್ಪ ಮೆತ್ತಗೆ ಮಾತಾಡಲು ಹೇಳಿ ಎಂದು ನನ್ನನ್ನು ಬೇಡಿಕೊಂಡರು.

ಕ್ಷಮೆ ಕೇಳಿದೆ. ಮಕ್ಕಳಿಗೆ ಮಾತ್ರ ಏನೂ ಹೇಳಲಿಲ್ಲ. ಶಿವಮೊಗ್ಗ ಬರುವವರೆಗೂ ಕೂಗಾಡಿದರು.