ಕನ್ನಡಿಯಲ್ಲಿದ್ದ ಕಣ್ಣು

ದೆವ್ವ, ಗಾಳಿ ಅಂತ ಯಾರಾದರೂ ಶುರು ಮಾಡಿದರೆ ಅವರನ್ನು ಕಾಡಿಸುವುದರಲ್ಲಿ ನಾನೇ ಮುಂದು. ಬಳ್ಳಾರಿಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ನೆರಳು ಎಂದರೆ ನನಗೆ ಪೆನ್ಸಿಲ್ ಕೆಲಸ, ಅಷ್ಟೇ. ಆದರೆ ಕುರುಗೋಡಿನಲ್ಲಿ ಒಂದು ಮಧ್ಯಾಹ್ನ ಕಂಡದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೆಲವು ವರ್ಷಗಳ ಹಿಂದೆ, ಸಿರುಗುಪ್ಪದ ಹಳೆಯ ಚಿತ್ರಗಾರರೊಬ್ಬರ ಬಗ್ಗೆ ಬರೆಯೋಣವೆಂದು ಕುರುಗೋಡಿನಲ್ಲಿದ್ದ ಅವರ ಮಗಳು ಗೌರಮ್ಮನವರ ಮನೆಗೆ ಹೋಗಿದ್ದೆ. ದೇವಿಯ ಮೂರ್ತಿಗಳಿಗೆ ಬಣ್ಣ ಹಾಕುವ ಮನೆತನ ಅವರದು. ಆ ಚಿತ್ರಗಾರರು ಮೊದಮೊದಲು ನಾಟಕದ ಪರದೆಗಳ ಮೇಲೆ ಗುಂಡು ಮುಖದ, ನುಣುಪಾದ ಹೆಂಗಸರನ್ನು ಬರೆಯುತ್ತಿದ್ದರಂತೆ. ಐವತ್ತರ ದಶಕದಲ್ಲಿ ಗೌರಮ್ಮನನ್ನು ಹೆತ್ತು ಹೆಂಡತಿ ತೀರಿಕೊಂಡ ಮೇಲೆ ಅವರ ಬರೆಯುವ ಕೈಯೇ ಬದಲಾಯಿತು. ಆಮೇಲೆ ಬರೆದದ್ದೆಲ್ಲ ಆಕೆಯನ್ನೇ. ಗೋಡೆಯುದ್ದಕ್ಕೂ ನೋಡುತ್ತ ಹೋದೆ: ಗೆರೆ ಒರಟಾಗುತ್ತ, ಬಣ್ಣ ಮಣ್ಣಿನ ಕಡೆ ಇಳಿಯುತ್ತ ಬಂದಿತ್ತು. ಕೊನೆಯ ಚಿತ್ರದಲ್ಲಿ ಆಕೆ ದೊಡ್ಡ ದೊಡ್ಡ ಕೈಗಳನ್ನು ಚಾಚಿ ಕೂತಿದ್ದಾಳೆ, ಮಡಿಲು ಖಾಲಿ. ಎಂಥ ಚಿತ್ರ ಅದು! ನನಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ಕಣ್ಣಿನ ಜಾಗದಲ್ಲಿ ಬಣ್ಣ ಹಚ್ಚದ ಬರೀ ಕ್ಯಾನ್ವಾಸ್ ಬಟ್ಟೆ.

“ಅವ್ವನ ಫೋಟೋ ಒಂದೂ ಇಲ್ರಿ,” ಎಂದರು ಗೌರಮ್ಮ. “ನನ್ನ ಹಡೆದ ದಿನನ ಹೋದ್ಲು. ಈಗ ನನ್ನ ಕಣ್ಣೂ ಹೊಂಟಾವು. ಅಕಿ ಒಮ್ಮಿನಾರ ನನ್ನ ನೋಡಿದ್ಲೋ ಇಲ್ಲೋ, ಅದೊಂದು ಗೊತ್ತಾದ್ರ ಸಾಕು.”

ಅವರ ಮನೆತನದಲ್ಲಿ ಮೂರ್ತಿಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕಡೆಗೆ. ಅದೂ ದೇವಿಯ ಮೊದಲ ನೋಟ ತಮ್ಮ ಮೇಲೆ ಬೀಳದಂತೆ, ಎದುರಿಗೆ ನಿಲ್ಲದೆ, ಮೂರ್ತಿಗೆ ಬೆನ್ನು ಮಾಡಿ ಕನ್ನಡಿಯಲ್ಲಿ ನೋಡುತ್ತ. ಅಪ್ಪನ ಆ ಕನ್ನಡಿಯನ್ನು ಅವರು ನನ್ನ ಕೈಗಿತ್ತರು. “ಅಕಿ ಕಣ್ಣು ಇದರಾಗ ಅದಾವು ಅಂತಿದ್ದ ಅಪ್ಪ. ನನಗ ಕಾಣಂಗಿಲ್ಲ. ನೀವು ನೋಡ್ರಿ ಸರ.”

ಅವರ ಮನಸ್ಸು ನೋಯಿಸಬಾರದೆಂದು ಚಿತ್ರಕ್ಕೆ ಬೆನ್ನು ಮಾಡಿ ಕನ್ನಡಿ ಎತ್ತಿದೆ.

ಕನ್ನಡಿಯಲ್ಲಿ ಆಕೆಗೆ ಕಣ್ಣುಗಳಿದ್ದವು. ತಿರುಗಿ ನೋಡಿದೆ, ಇಲ್ಲ. ಮತ್ತೆ ಕನ್ನಡಿ ಹಿಡಿದೆ, ಇದ್ದವು. ಕಪ್ಪಗೆ, ಒದ್ದೆಯಾಗಿ.

“ಅದಾವೇನ್ರಿ? ಯಾರನ್ನ ನೋಡಾಕತ್ಯಾಳ?”

ಗೌರಮ್ಮ ನನ್ನ ಎಡಕ್ಕೆ ಗೋಡೆ ಹಿಡಿದು ನಿಂತಿದ್ದರು. “ನಿಮ್ಮನ್ನೇ,” ಎಂದೆ.

“ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ,” ಎಂದು ಅವರು ಗೋಡೆ ಸವರುತ್ತ ಬಾಗಿಲ ಕಡೆ ನಡೆದರು. ಕನ್ನಡಿಯೊಳಗಿನ ಕಣ್ಣುಗಳೂ ಅವರ ಹಿಂದೆಯೇ ನಿಧಾನವಾಗಿ ಹೊರಳಿ ಬಾಗಿಲಿನ ಮೇಲೆ ನಿಂತವು. ಅದನ್ನೂ ಹೇಳಿದೆ. ಗೌರಮ್ಮ ಹೊಸ್ತಿಲ ಬಳಿ ಕುಸಿದು ಕೂತು ಮಗುವಿನ ಹಾಗೆ ಅತ್ತರು.

ಅಂದು ಕನ್ನಡಿಯೊಳಗಿನ ಬಿಂಬವನ್ನು ತೆಗೆದ ಫೋಟೋಗಳಲ್ಲೂ ಕಣ್ಣಿಲ್ಲ. ಕನ್ನಡಿಯ ಕಲೆ ಇರಬಹುದು, ಬಿಸಿಲಿನ ಝಳ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡು ಸೋತಿದ್ದೇನೆ. ಚಿತ್ರದ ಕಣ್ಣು ಎಲ್ಲಿ ನಿಂತರೂ ನೋಡುವವನನ್ನೇ ನೋಡಿದಂತೆ ಕಾಣುತ್ತದೆ. ಮಕ್ಕಳಿಗೆ ನಾನೇ ಹೇಳಿಕೊಟ್ಟ ಪಾಠ ಅದು. ಆಕೆ ನನ್ನನ್ನು ನೋಡಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಆಕೆ ನನ್ನನ್ನು ಒಮ್ಮೆಯೂ ನೋಡಲಿಲ್ಲ.