ಬಾಗಿಲು ತಟ್ಟದ ಹೆಡ್ಲಿ

ಹೆಡ್ಲಿ ರೈಡೌಟ್ ಯಾರ ಮನೆಯ ಬಾಗಿಲನ್ನೂ ತಟ್ಟಿದವನಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕಡಲತೀರದ ನಮ್ಮ ಊರಿನಲ್ಲಿ ಯಾರೂ ತಟ್ಟುವುದಿಲ್ಲ, ಬೀಗ ಹಾಕುವುದೂ ಇಲ್ಲ. ಹೆಡ್ಲಿ ನೇರ ನನ್ನ ಮನೆಯೊಳಗೆ ಬಂದು ಒಲೆಯ ಪಕ್ಕ ಕೂತು, "ಚಹಾ ಇದೆಯೇನೇ, ವಿನಿ?" ಎನ್ನುತ್ತಿದ್ದ. ನನ್ನ ಗಂಡ ತೀರಿಕೊಂಡ ಚಳಿಗಾಲದಲ್ಲೂ ಹಾಗೆಯೇ ಬಂದ. ಒಲೆಗೆ ಸೌದೆ ತುಂಬಿ ಹೋದ.

ಮೀನಿನ ಕಾರ್ಖಾನೆ ಮುಚ್ಚಿದ ಮೇಲೆ ಅವನಿಗೆ ಉಳಿದ ಕೆಲಸವೆಂದರೆ ಸಮುದಾಯ ಭವನದ ಹಳೆಯ ಕಂಪ್ಯೂಟರ್ ನೋಡಿಕೊಳ್ಳುವುದೊಂದೇ. ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಜೀವ ಕೊಟ್ಟವನು ಅವನೇ. ನಮ್ಮೆಲ್ಲರ ಇ-ಮೇಲ್ ಪತ್ರಗಳೂ ಅದರಲ್ಲೇ ಬರುತ್ತಿದ್ದವು. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವುದೇನು ಎಂದು, ಅದು ಪಾಸ್‌ವರ್ಡ್ ಇಲ್ಲದೆ ತೆರೆದುಕೊಳ್ಳುವಂತೆ ಮಾಡಿಟ್ಟ. ಅಂದಿನಿಂದ ಕಾಟ ಶುರುವಾಯಿತು. ಪತ್ರ ನೋಡಲು ಹೋದರೆ ಸಣ್ಣ ಕಿಟಕಿಯೊಂದು ಅಡ್ಡ ಬಂದು, ಕೀಲಿಗೊಂಚಲಿನ ಪಾಸ್‌ವರ್ಡ್ ಕೊಡಿ ಎನ್ನುತ್ತಿತ್ತು. ಮುಚ್ಚಿದರೆ ಮತ್ತೆ ಬರುತ್ತಿತ್ತು.

"ಪಾದ್ರಿನೂ ಇಷ್ಟು ಕೇಳಲ್ಲ ಕಣೋ," ಎಂದಳು ಭವನದ ಉಸ್ತುವಾರಿ ನೋಡುವ ಮರ್ಟಲ್. "ಭಾನುವಾರದೊಳಗೆ ಇದರ ಬಾಯಿ ಮುಚ್ಸು. ಇಲ್ದಿದ್ರೆ ಪಟ್ಟಣದಿಂದ ಬೇರೆ ಕಂಪ್ಯೂಟರ್ ತರಿಸ್ತೀನಿ. ನೋಡ್ಕೊಳ್ಳೋಕೂ ಅವರ ಜನಾನೇ ಬರ್ತಾರೆ."

ಮೂರು ದಿನ ಹೆಡ್ಲಿ ನನ್ನ ಮನೆ ಕಡೆ ಸುಳಿಯಲಿಲ್ಲ. ಶುಕ್ರವಾರ ಬಂದ.

"ತಪ್ಪು ನಂದೇ ಕಣೇ. ಹೊರಬಾಗಿಲಲ್ಲಿ ಪಾಸ್‌ವರ್ಡ್ ಹೇಳಿದ್ರೆ ಒಳಗೆ ಕೀಲಿಗೊಂಚಲು ಇಟ್ಟ ಪೆಟ್ಟಿಗೆನೂ ತಾನೇ ತೆರ್ಕೊಳ್ಳುತ್ತೆ. ನಾನು ಬಾಗ್ಲು ತೆಗ್ದಿಟ್ಟೆ. ಅದಕ್ಕೆ ಅದು ಪೆಟ್ಟಿಗೆ ಹತ್ರ ನಿಂತು ಕೇಳ್ತಿದೆ."

"ಹಾಗಾದ್ರೆ ಪೆಟ್ಟಿಗೆ ಬೀಗಾನೂ ಕಿತ್ತುಹಾಕು."

"ಒಂದು ನಿಮಿಷದ ಕೆಲ್ಸ. ಆದ್ರೆ ಅದ್ರಲ್ಲಿ ನಿಮ್ಮೆಲ್ಲರ ಪತ್ರದ ಕೀಲಿ ಇದೆ. ನಾನು ಮಾಡಲ್ಲ."

"ನಿನ್ನ ಕೆಲ್ಸ ಹೋಗುತ್ತಲ್ಲೋ, ಪೆದ್ದ."

"ಹೋದ್ರೆ ಹೋಗ್ಲಿ. ಇಷ್ಟು ವರ್ಷ ಇಲ್ಲಿ ಬಂದು ಕೂತಿದೀನಿ, ನಿನ್ನ ಡ್ರಾಯರ್ ಯಾವತ್ತಾದ್ರೂ ಎಳೆದಿದೀನಾ?"

ನಾನು ಚಹಾ ಬಗ್ಗಿಸಿದೆ.

ಶನಿವಾರವೆಲ್ಲ ಕೂತು, ಅದನ್ನು ಬಳಸುವ ಹದಿನಾಲ್ಕು ಜನಕ್ಕೂ ಕಂಪ್ಯೂಟರಿನೊಳಗೆ ಬೇರೆಬೇರೆ ಕೋಣೆ, ಕೋಣೆಗೊಂದು ಪೆಟ್ಟಿಗೆ ಮಾಡಿದ. ಭಾನುವಾರ ಪ್ರಾರ್ಥನೆ ಮುಗಿಸಿ ಸಾಲಾಗಿ ನಿಂತೆವು. ಒಬ್ಬೊಬ್ಬರಿಗೂ ಅವರವರದೇ ಪಾಸ್‌ವರ್ಡ್, ಅದನ್ನು ಹೊರಬಾಗಿಲಲ್ಲೇ ಅವರವರೇ ಒತ್ತಬೇಕು.

ನನ್ನ ಸರದಿ ಬಂದಾಗ, "ಹೂಂ, ಒತ್ತು," ಎಂದವನೇ ಗೋಡೆಗೆ ಮುಖ ಮಾಡಿ ನಿಂತ. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುವಷ್ಟು ಹೊತ್ತೂ ಹೋದ ವರ್ಷದ ಕ್ಯಾಲೆಂಡರ್ ಓದುತ್ತಿದ್ದ. ಪತ್ರಗಳು ತೆರೆದುಕೊಂಡವು. ಕಿಟಕಿ ಬರಲಿಲ್ಲ.

ಮರ್ಟಲ್ ಮಾತ್ರ ತನ್ನ ಕೋಣೆಯನ್ನು ಎರಡು ಸಲ ಮುಚ್ಚಿ ತೆರೆದು ನೋಡಿದಳು.

"ಸರಿ, ಇದೇ ಇರ್ಲಿ ಬಿಡು," ಎಂದು ಚಹಾದ ಕಪ್ಪುಗಳನ್ನು ಜೋಡಿಸಲು ಹೋದಳು.

ಸೋಮವಾರ ಬೆಳಿಗ್ಗೆ ಹೆಡ್ಲಿ ಬಾಗಿಲು ತಟ್ಟದೆ ಬಂದು ಒಲೆಯ ಪಕ್ಕ ಕೂತ.